ನಡುವೆ ನಿಂತ ದನಿ

(ಸಂಗೀತ ಕೇಳುವ ಆಸಕ್ತಿಯಿದ್ದವರ ಒಂದು ಕೂಟದಲ್ಲಿ, ಮನೆಯ ಸ್ಟೀರಿಯೋ ಸ್ಪೀಕರ್‌ಗಳ ಬಗ್ಗೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಒಬ್ಬರು ಹಾಡುವುದನ್ನು ಅರ್ಧ ನಿಮಿಷ ಹಾಕುತ್ತೇನೆ. ಒಂದೇ ದನಿ, ಹಿಂದೆ ಒಂದೇ ವಾದ್ಯ. ನೀವು ಕಣ್ಣು ಮುಚ್ಚಿಕೊಳ್ಳಿ. ಹಾಡುವವರು ಎಲ್ಲಿ ನಿಂತಿದ್ದಾರೆ ಅನ್ನಿಸುತ್ತದೋ ಆ ಕಡೆ ಬೆರಳು ತೋರಿಸಿ. ಆಮೇಲೆ ಬೆರಳು ಇಳಿಸದೆ ಕಣ್ಣು ಬಿಡಿ.

ಈಗ ನೋಡಿ. ನಡುವೆ ಕೂತ ಆರೇಳು ಜನರ ಬೆರಳು ಎರಡು ಪೆಟ್ಟಿಗೆಗಳ ಮಧ್ಯದ ಖಾಲಿ ಜಾಗವನ್ನು ತೋರಿಸುತ್ತಿದೆ. ಅಲ್ಲಿ ಏನೂ ಇಲ್ಲ, ಬರೀ ಗೋಡೆ. ಎಡಗಡೆ ಕೂತವರೆಲ್ಲ ಎಡಗಡೆಯ ಸ್ಪೀಕರನ್ನೇ ತೋರಿಸುತ್ತಿದ್ದೀರಿ. ಬಲಗಡೆಯವರು ಬಲಗಡೆಯದನ್ನು. ಯಾರ ಕಿವಿಯೂ ತಪ್ಪು ಹೇಳುತ್ತಿಲ್ಲ. ಕೂತ ಜಾಗಕ್ಕೆ ತಕ್ಕ ಹಾಗೆ ಎಲ್ಲರೂ ಸರಿಯಾಗಿಯೇ ಕೇಳಿದ್ದೀರಿ.

ನಡುವಿನವರು ತೋರಿಸಿದ ಆ ಖಾಲಿ ಜಾಗದ ಬಗ್ಗೆಯೇ ಇವತ್ತು ನನ್ನ ಮಾತು. ಎರಡು ಪೆಟ್ಟಿಗೆ ಸೇರಿ, ತಾವಿಬ್ಬರೂ ಇಲ್ಲದ ಜಾಗದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತವೆ. ಅದನ್ನು ನಾನು ನಡು ದನಿ ಅಂತ ಕರೆಯುತ್ತೇನೆ. ಸ್ಪೀಕರ್ ಎಲ್ಲಿಡಬೇಕು, ವೈರ್ ಹೇಗೆ ಜೋಡಿಸಬೇಕು, ಏನು ಕೆಟ್ಟಿದೆ, ಎಲ್ಲವನ್ನೂ ಆ ನಡು ದನಿಯನ್ನೇ ಕೇಳಿ ತಿಳಿದುಕೊಳ್ಳಬಹುದು. ವೈದ್ಯರು ನಾಡಿ ಹಿಡಿದು ನೋಡುತ್ತಾರಲ್ಲ, ಹಾಗೆ. ಅದು ಗಟ್ಟಿಯಾಗಿ, ಚೊಕ್ಕವಾಗಿ, ಒಂದೇ ಕಡೆ ನಿಂತಿದ್ದರೆ ಬಹುಪಾಲು ಎಲ್ಲ ಸರಿ ಇದೆ. ಅದು ಹರಡಿಕೊಂಡರೆ, ಒಂದು ಕಡೆ ವಾಲಿದರೆ, ಎಲ್ಲೋ ಏನೋ ತಪ್ಪಿದೆ.

ಇದನ್ನು ಮೊದಲು ಪೂರ್ತಿಯಾಗಿ ಯೋಚಿಸಿ ಬರೆದಿಟ್ಟವರು ಅಲನ್ ಬ್ಲಮ್ಲೈನ್ ಎಂಬ ಇಂಗ್ಲಿಷ್ ಇಂಜಿನಿಯರ್. ಸಿನಿಮಾ ನೋಡಲು ಹೋಗಿದ್ದಾಗ ಅವರಿಗೊಂದು ವಿಷಯ ಕಾಡಿತಂತೆ. ನಟ ಪರದೆಯ ಈ ತುದಿಯಿಂದ ಆ ತುದಿಗೆ ನಡೆದರೂ ಮಾತು ಮಾತ್ರ ಒಂದೇ ಕಡೆಯಿಂದ ಬರುತ್ತಿತ್ತು. 1931ರ ಡಿಸೆಂಬರ್‌ನಲ್ಲಿ ಅವರು ಪೇಟೆಂಟ್‌ಗೆ ಅರ್ಜಿ ಹಾಕಿದರು. ಎರಡು ಮೈಕಿನಲ್ಲಿ ಹಿಡಿದದ್ದನ್ನು ಎರಡು ಸ್ಪೀಕರಿನಲ್ಲಿ ಕೇಳಿಸುವುದು, ರೆಕಾರ್ಡಿನ ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಎರಡು ಚಾನೆಲ್, ಅಂದರೆ ಎಡ ಬಲದ ಸದ್ದನ್ನು ಬೇರೆಬೇರೆಯಾಗಿ, ಕೊರೆಯುವುದು, ಎಲ್ಲವೂ ಅದರಲ್ಲಿ ಇತ್ತು. 1935ರಲ್ಲಿ ಹೇಯ್ಸ್ ಎಂಬ ಊರಿನ ನಿಲ್ದಾಣದಲ್ಲಿ ರೈಲು ಹಾದುಹೋಗುವುದನ್ನು ಎರಡು ಚಾನೆಲ್ಲಿನ ಸದ್ದಿನ ಜೊತೆ ಚಿತ್ರಿಸಿದರು. ರೈಲಿನ ಜೊತೆ ಸದ್ದೂ ನಡೆಯಿತು. 1942ರಲ್ಲಿ, ಯುದ್ಧದ ರಾಡಾರ್ ಪರೀಕ್ಷೆಯಲ್ಲಿದ್ದಾಗ ವಿಮಾನ ಬಿದ್ದು ಅವರು ತೀರಿಕೊಂಡರು. ಆಗ ಅವರಿಗೆ ಇನ್ನೂ 38 ವರ್ಷ. ಸ್ಟೀರಿಯೋ ರೆಕಾರ್ಡುಗಳು ಜನರ ಮನೆ ಸೇರಲು ಶುರುವಾಗಿದ್ದು 1958ರ ಹೊತ್ತಿಗೆ. ತಾನು ಯೋಚಿಸಿದ್ದು ಮನೆಮನೆಯಲ್ಲಿ ಕೇಳುವುದನ್ನು ಅವರು ನೋಡಲೇ ಇಲ್ಲ. ಸ್ಪೀಕರ್ ಜರುಗಿಸುವಾಗೆಲ್ಲ ನನಗೆ ಅವರ ನೆನಪು ಬರುತ್ತದೆ.

ಸರಿ, ಎಡಗಡೆ ಕೂತವರಿಗೆ ದನಿ ಎಡಕ್ಕೆ ಹೋಗಿದ್ದು ಯಾಕೆ? ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಂದರೆ ಒಂದು ಅಡಿ ದಾಟಲು ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡು, ಸೆಕೆಂಡಿನ ಸಾವಿರದಲ್ಲೊಂದು ಪಾಲು. ಇಷ್ಟು ಕಡಿಮೆ ಹೊತ್ತು ಯಾರಿಗೆ ಗೊತ್ತಾಗುತ್ತೆ ಅನ್ನಬಹುದು. ಆದರೆ ನಮ್ಮ ಎರಡು ಕಿವಿಗಳ ನಡುವೆ ಶಬ್ದ ತಲುಪುವುದರಲ್ಲಿ ಬರುವ ಅತಿ ಹೆಚ್ಚಿನ ವ್ಯತ್ಯಾಸವೇ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲೇ ಮಿದುಳು ದಿಕ್ಕು ಹೇಳಿಬಿಡುತ್ತದೆ. ಎರಡು ಸ್ಪೀಕರಿನಲ್ಲಿ ಒಂದು ನಿಮಗೆ ಒಂದು ಅಡಿ ಹತ್ತಿರ ಇದ್ದರೆ ಅದರ ಶಬ್ದ ಮೊದಲು ಬರುತ್ತದೆ. ಮೊದಲು ಬಂದದ್ದನ್ನೇ ಮಿದುಳು ನಂಬುತ್ತದೆ. ನಡು ದನಿ ಆ ಪೆಟ್ಟಿಗೆಯೊಳಗೆ ಹೋಗಿ ಕೂತುಬಿಡುತ್ತದೆ.

ಹಾಗಾಗಿ ಮೊದಲ ಕೆಲಸ, ಅಳತೆ. ಕಣ್ಣಳತೆ ಸಾಲದು. ಒಂದು ದಾರ ತಗೊಳ್ಳಿ. ನೀವು ಕೂರುವ ಕುರ್ಚಿಯಲ್ಲಿ ತಲೆ ಬರುವ ಜಾಗದಲ್ಲಿ ಒಂದು ತುದಿಯನ್ನು ಯಾರಾದರೂ ಹಿಡಿದುಕೊಳ್ಳಲಿ. ಇನ್ನೊಂದು ತುದಿಯನ್ನು ಎಡ ಸ್ಪೀಕರಿನ ಮುಖಕ್ಕೆ ತಾಗಿಸಿ ಗಂಟು ಹಾಕಿ. ಅದೇ ಗಂಟು ಬಲ ಸ್ಪೀಕರಿನ ಮುಖಕ್ಕೂ ಬರಬೇಕು. ಒಂದು ಬೆರಳಿನಷ್ಟು ಹೆಚ್ಚುಕಮ್ಮಿ ಪರವಾಗಿಲ್ಲ, ಒಂದು ಗೇಣು ಇರಬಾರದು. ಎರಡು ಸ್ಪೀಕರ್‌ಗಳ ನಡುವಿನ ದೂರವೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಅಂದರೆ ನೀವು ಮತ್ತು ಆ ಎರಡು ಪೆಟ್ಟಿಗೆಗಳು ಸೇರಿ ಮೂರೂ ಬದಿ ಸಮನಾದ ತ್ರಿಕೋನ. ಬದಿ ಎರಡು ಮೀಟರ್ ಮೀರಿರಬೇಕು ಅಂತೇನಿಲ್ಲ. ಸಣ್ಣ ಸ್ಪೀಕರ್ ಆದರೆ ಒಂದೂವರೆ ಮೀಟರ್ ಬದಿಯ ತ್ರಿಕೋನವೂ ಚೆನ್ನಾಗಿ ಕೇಳುತ್ತದೆ. ಪೆಟ್ಟಿಗೆಗಳನ್ನು ತೀರಾ ಹತ್ತಿರ ಇಟ್ಟರೆ ಎಲ್ಲ ವಾದ್ಯಗಳೂ ಒಂದೇ ಕಡೆ ಗುಂಪುಗೂಡುತ್ತವೆ. ತೀರಾ ದೂರ ಇಟ್ಟರೆ ನಡುವೆ ಗುಳಿ ಬೀಳುತ್ತದೆ, ಹಾಡುವವರು ಎದುರಿಗೆ ನಿಲ್ಲುವುದೇ ಇಲ್ಲ.

ಇನ್ನು ಎತ್ತರ. ಟ್ವೀಟರ್, ಅಂದರೆ ಮೇಲಿನ ಸಣ್ಣ ಗುಂಡಗಿನದು, ನೀವು ಕೂತಾಗ ಕಿವಿಯ ಮಟ್ಟಕ್ಕೆ ಬರಬೇಕು. ಹೆಚ್ಚಿನ ಸ್ವರಗಳ ಅಲೆ ಬಹಳ ಚಿಕ್ಕದು. ಸೆಕೆಂಡಿಗೆ ಹತ್ತು ಸಾವಿರ ಸಲ ಕಂಪಿಸುವ ಸ್ವರದ ಅಲೆ ಮೂರೂವರೆ ಸೆಂಟಿಮೀಟರ್ ಕೂಡ ಇಲ್ಲ. ಇಂಥ ಸ್ವರ ಟಾರ್ಚ್ ಬೆಳಕಿನ ಹಾಗೆ ಎದುರಿಗೆ ನೇರ ಹೋಗುತ್ತದೆ, ಪಕ್ಕಕ್ಕೆ ಕಡಿಮೆ. ಸ್ಪೀಕರನ್ನು ನೆಲದ ಮೇಲಿಟ್ಟರೆ ನಿಮ್ಮ ಮೊಣಕಾಲಿಗೆ ಒಳ್ಳೆಯ ಸಂಗೀತ ಸಿಗುತ್ತದೆ, ಕಿವಿಗೆ ಸಿಗುವುದಿಲ್ಲ. ಸ್ಟ್ಯಾಂಡ್ ಇಲ್ಲದಿದ್ದರೆ ಪೆಟ್ಟಿಗೆಯ ಮುಂಭಾಗದ ಕೆಳಗೆ ಸಣ್ಣ ಚಕ್ಕೆ ಕೊಟ್ಟು ಮುಖ ಸ್ವಲ್ಪ ಮೇಲಕ್ಕೆ ತಿರುಗಿಸಿ. ಮುಖವನ್ನು ಒಳಗಡೆ ಎಷ್ಟು ತಿರುಗಿಸಬೇಕು ಎನ್ನುವುದನ್ನು ಕೇಳಿಯೇ ನಿರ್ಧರಿಸಬೇಕು. ನೇರ ಗೋಡೆಗೆ ಸಮನಾಗಿ ಇಟ್ಟು ಶುರು ಮಾಡಿ. ಸ್ವಲ್ಪ ಸ್ವಲ್ಪ ನಿಮ್ಮ ಕಡೆ ತಿರುಗಿಸುತ್ತಾ ಬನ್ನಿ. ನಡು ದನಿ ಒಂದು ಹಂತದಲ್ಲಿ ಗಟ್ಟಿಯಾಗುತ್ತದೆ, ಕ್ಯಾಮೆರಾದಲ್ಲಿ ಚಿತ್ರ ಸ್ಪಷ್ಟವಾದ ಹಾಗೆ. ಅಲ್ಲಿಗೆ ನಿಲ್ಲಿಸಿ. ಎರಡೂ ಪೆಟ್ಟಿಗೆ ಒಂದೇ ಕೋನದಲ್ಲಿ ಇರಲಿ.

ಈಗ ಗೋಡೆಗಳಿಗೆ ಬರೋಣ. ನನ್ನ ಪ್ರಕಾರ ಬಹಳ ಮನೆಗಳಲ್ಲಿ ಒಳ್ಳೆಯ ಸ್ಪೀಕರ್ ಸೋಲುವುದು ಇಲ್ಲಿಯೇ.

ಟ್ವೀಟರಿನ ಶಬ್ದ ಎದುರಿಗೆ ಹೋಗುತ್ತದೆ ಅಂದೆ. ಬೇಸ್, ಅಂದರೆ ಕೆಳಗಿನ ದಪ್ಪ ಸ್ವರಗಳು, ಹಾಗಲ್ಲ. ಸೆಕೆಂಡಿಗೆ 100 ಸಲ ಕಂಪಿಸುವ ಸ್ವರದ ಅಲೆಯ ಉದ್ದ ಮೂರೂವರೆ ಮೀಟರ್ ಹತ್ತಿರ. ಅದಕ್ಕೆ ಈ ಸಣ್ಣ ಪೆಟ್ಟಿಗೆ ಯಾವ ಲೆಕ್ಕ? ಸುತ್ತಿಕೊಂಡು ಹಿಂದಕ್ಕೂ ಹೋಗುತ್ತದೆ. ಹಿಂದಿನ ಗೋಡೆಗೆ ಬಡಿದು ತಿರುಗಿ ಬಂದು, ಎದುರಿಗೆ ಹೊರಟ ಶಬ್ದದ ಜೊತೆ ಸೇರುತ್ತದೆ. ಎರಡೂ ಒಂದೇ ತಾಳದಲ್ಲಿದ್ದರೆ ಬೇಸ್ ಉಬ್ಬುತ್ತದೆ. ಎದುರುಬದುರಾಗಿ ಬಂದರೆ ಒಂದನ್ನೊಂದು ತಿನ್ನುತ್ತವೆ. ಸ್ಪೀಕರಿನ ಮುಖ ಹಿಂದಿನ ಗೋಡೆಯಿಂದ ಒಂದು ಮೀಟರ್ ದೂರ ಇದ್ದರೆ 86 ಹರ್ಟ್ಸ್ (ಸೆಕೆಂಡಿಗೆ 86 ಕಂಪನ) ಆಸುಪಾಸಿನ ಸ್ವರ ಸೊರಗುತ್ತದೆ. 60 ಸೆಂಟಿಮೀಟರ್ ಇದ್ದರೆ 143ರ ಆಸುಪಾಸು. ಗಂಡಸರ ದನಿಯ ಬುಡ ಇರುವುದು ಅಲ್ಲೇ. ಕೆಲವು ಮನೆಗಳಲ್ಲಿ ಹಾಡುವವರ ದನಿಗೆ ಎದೆಯೇ ಇಲ್ಲದ ಹಾಗೆ ಕೇಳುತ್ತದೆ. ಜನ ಸ್ಪೀಕರ್ ಬದಲಾಯಿಸುತ್ತಾರೆ. ಅದನ್ನು ಒಂದು ಗೇಣು ಹಿಂದೆ ಮುಂದೆ ಮಾಡಿದ್ದರೆ ಸಾಕಿತ್ತು.

ಗೋಡೆಗೆ ಪೂರ್ತಿ ಅಂಟಿಸಿಟ್ಟರೆ ಬೇಸ್ ಜಾಸ್ತಿಯಾಗುತ್ತದೆ. ಮೂಲೆಗೆ ತಳ್ಳಿದರೆ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ಎರಡು ಗೋಡೆ, ಒಂದು ನೆಲ ಸೇರಿ ಎತ್ತಿಕೊಡುತ್ತವೆ. ಮೊದಲ ದಿನ ಕೇಳಿದಾಗ ಆಹಾ ಅನ್ನಿಸುತ್ತದೆ. ವಾರ ಕಳೆದ ಮೇಲೆ ಎಲ್ಲ ಹಾಡಿನಲ್ಲೂ ಅದೇ ಗುಂಯ್ ಎನ್ನುವ ಸದ್ದು ಕೇಳಿ ಬೇಸರ ಬರುತ್ತದೆ. ಪೆಟ್ಟಿಗೆಯ ಹಿಂದೆ ಗಾಳಿಯ ತೂತು ಇದ್ದರಂತೂ ಒಂದು ಗೇಣಾದರೂ ಜಾಗ ಬೇಕೇ ಬೇಕು. ಜಾಗವೇ ಇಲ್ಲದಿದ್ದರೆ ಆ ತೂತಿಗೆ ಸ್ಪಂಜು ತುರುಕಿ ನೋಡಿ. ಬೇಸ್ ಸ್ವಲ್ಪ ಇಳಿಯುತ್ತದೆ, ಆದರೆ ಚೊಕ್ಕವಾಗುತ್ತದೆ. ಪಕ್ಕದ ಗೋಡೆಗೂ ಹಿಂದಿನ ಗೋಡೆಗೂ ಒಂದೇ ದೂರ ಇಡಬೇಡಿ. ಎರಡೂ ಗೋಡೆ ಒಂದೇ ಸ್ವರವನ್ನು ಕೆಡಿಸುತ್ತವೆ.

ಕೂರುವ ಜಾಗದ ಮಾತೂ ಇಲ್ಲೇ ಬರುತ್ತದೆ. ಐದು ಮೀಟರ್ ಉದ್ದದ ಕೋಣೆಯಲ್ಲಿ 34 ಹರ್ಟ್ಸ್ ಸುತ್ತಮುತ್ತ ಒಂದು ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಹತ್ತಿರ ಅದು ಜೋರು. ಕೋಣೆಯ ನಟ್ಟನಡುವೆ ಅದು ಇಲ್ಲವೇ ಇಲ್ಲ. ಹಾಗಾಗಿ ಹಿಂದಿನ ಗೋಡೆಗೆ ತಲೆ ಆನಿಸಿ ಕೂತವರಿಗೆ ಬೇಸ್ ಉಕ್ಕುತ್ತದೆ, ನಟ್ಟನಡುವೆ ಕೂತವರಿಗೆ ಬುಡವೇ ಕಾಣುವುದಿಲ್ಲ. ಎರಡನ್ನೂ ಬಿಟ್ಟು, ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ತುಸು ಮುಂದೆ ಕೂತು ನೋಡಿ. ಇದು ಶುರು ಮಾಡಲು ಒಂದು ಜಾಗ, ಅಷ್ಟೇ. ಕುರ್ಚಿಯನ್ನು ಅರ್ಧ ಅಡಿ ಹಿಂದೆ ಮುಂದೆ ಎಳೆದು ಅದೇ ಹಾಡು ಮತ್ತೆ ಹಾಕಿ. ಸಬ್‌ವೂಫರ್, ಅಂದರೆ ಬೇಸಿಗೆಂದೇ ಇರುವ ಬೇರೆ ಪೆಟ್ಟಿಗೆ, ಇದ್ದವರಿಗೆ ಹಳೆಯ ಒಂದು ಉಪಾಯ ಇದೆ. ಅದನ್ನು ನಿಮ್ಮ ಕುರ್ಚಿಯ ಜಾಗದಲ್ಲಿ ಇಡಿ. ನೀವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯುದ್ದಕ್ಕೂ ಹೋಗಿ. ಎಲ್ಲಿ ಬೇಸ್ ಸಮವಾಗಿ, ಒಂದೊಂದು ಸ್ವರವೂ ಬೇರೆಬೇರೆಯಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ.

ಕೋಣೆಯ ಪ್ರತಿಧ್ವನಿ ನೋಡಲು ಒಂದು ಚಪ್ಪಾಳೆ ಸಾಕು. ನಿಮ್ಮ ಜಾಗದಲ್ಲಿ ನಿಂತು ಒಮ್ಮೆ ಜೋರಾಗಿ ತಟ್ಟಿ. ಟರ್‌ರ್ ಎಂದು ತಗಡು ನಡುಗಿದ ಹಾಗೆ ಕೇಳಿದರೆ ಎದುರುಬದುರಿನ ಎರಡು ಬೋಳು ಗೋಡೆಗಳ ನಡುವೆ ಶಬ್ದ ಚೆಂಡಾಡುತ್ತಿದೆ ಎಂದರ್ಥ. ಒಂದು ಗೋಡೆಗೆ ದಪ್ಪ ಪರದೆ ಅಥವಾ ಪುಸ್ತಕದ ಕಪಾಟು ಬಂದರೆ ಅದು ಅಡಗುತ್ತದೆ. ಉದ್ದ, ಗಿಡ್ಡ, ದಪ್ಪ, ತೆಳು ಪುಸ್ತಕಗಳು ಹಿಂದೆಮುಂದೆ ಇರುವ ಕಪಾಟು ತುಂಬಾ ಒಳ್ಳೆಯದು. ಶಬ್ದವನ್ನು ಸ್ವಲ್ಪ ನುಂಗುತ್ತದೆ, ಉಳಿದದ್ದನ್ನು ಚದುರಿಸುತ್ತದೆ. ಸ್ಪೀಕರಿಗೂ ನಿಮಗೂ ನಡುವಿನ ನೆಲದಲ್ಲಿ ಒಂದು ಕಾರ್ಪೆಟ್ ಇರಲಿ. ಪಕ್ಕದ ಗೋಡೆಯಲ್ಲಿ ಎಲ್ಲಿ ಪರದೆ ಬೇಕು ಅಂತ ತಿಳಿಯಲು ಕನ್ನಡಿ ತಗೊಳ್ಳಿ. ನೀವು ಕೂತಿರಿ, ಇನ್ನೊಬ್ಬರು ಗೋಡೆಯ ಮೇಲೆ ಕನ್ನಡಿ ಜರುಗಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಟ್ವೀಟರ್ ಕಂಡ ಜಾಗವೇ ಶಬ್ದ ಪುಟಿದು ನಿಮ್ಮ ಕಿವಿಗೆ ಬರುವ ಜಾಗ. ಒಂದು ಮುಖ್ಯವಾದ ಮಾತು: ಎಡಗಡೆ ಬೋಳು ಗೋಡೆ, ಬಲಗಡೆ ದಪ್ಪ ಪರದೆ ಇದ್ದರೆ ನಡು ದನಿ ಗೋಡೆಯ ಕಡೆಗೆ ಎಳೆದ ಹಾಗೆ ಆಗುತ್ತದೆ. ಎರಡೂ ಕಡೆ ಆದಷ್ಟು ಒಂದೇ ಥರ ಇರಲಿ.

ಹಾಗಂತ ಕೋಣೆಯ ತುಂಬ ಸ್ಪಂಜು ಹೊಡೆಯಬೇಡಿ. ಜೀವ ಹೋದ ಹಾಗೆ ಕೇಳುತ್ತದೆ.

ಇನ್ನು ವೈರ್. ಇಲ್ಲಿ ನನ್ನದೇ ಒಂದು ಕತೆ ಹೇಳಬೇಕು. ಮನೆ ಬದಲಾಯಿಸಿದಾಗ ಸ್ಪೀಕರ್ ಬಿಚ್ಚಿ ಮತ್ತೆ ಜೋಡಿಸಿದೆ. ಅವತ್ತಿನಿಂದ ಸಂಗೀತ ಕೇಳಲು ಮನಸ್ಸೇ ಬರುತ್ತಿರಲಿಲ್ಲ. ಸದ್ದು ಇತ್ತು, ಜೋರಾಗಿಯೂ ಇತ್ತು. ಆದರೆ ಹಾಡುವವರು ಎಲ್ಲಿಯೂ ಇರಲಿಲ್ಲ. ದನಿ ತಲೆಯ ಸುತ್ತ ಹೊಗೆಯ ಹಾಗೆ ತೇಲುತ್ತಿತ್ತು. ಬೇಸ್ ತೆಳ್ಳಗಾಗಿತ್ತು. ಕೋಣೆ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್, ಅಂದರೆ ಆಂಪ್, ಸರಿಯಿಲ್ಲ ಅಂದುಕೊಂಡೆ. ಎಂಟು ತಿಂಗಳು ಹೀಗೇ ಕಳೆಯಿತು. ಒಂದು ದಿನ ಧೂಳು ಒರೆಸುತ್ತಾ ಹಿಂದೆ ಬಗ್ಗಿ ನೋಡಿದರೆ, ಬಲ ಸ್ಪೀಕರಿನ ಪ್ಲಸ್ಸಿಗೆ ಮೈನಸ್ಸಿನ ವೈರ್ ಹೋಗಿತ್ತು. ಎರಡು ನಿಮಿಷದಲ್ಲಿ ಅದಲು ಬದಲು ಮಾಡಿದೆ. ಕೂತು ಹಾಡು ಹಾಕಿದೆ. ಹಾಡುವವರು ಎದುರಿಗೆ ಬಂದು ನಿಂತರು. ಆ ಎಂಟು ತಿಂಗಳಲ್ಲಿ ಕೇಳದೆ ಬಿಟ್ಟ ಸಂಗೀತವನ್ನು ನೆನೆದರೆ ಈಗಲೂ ನೋವಾಗುತ್ತದೆ.

ಆಗಿದ್ದು ಇಷ್ಟೇ. ಒಂದು ಸ್ಪೀಕರಿನ ಕೋನ್, ಅಂದರೆ ಗಾಳಿಯನ್ನು ಅಲುಗಿಸುವ ಬಟ್ಟಲಿನಂಥ ಭಾಗ, ಮುಂದಕ್ಕೆ ತಳ್ಳುವಾಗ ಇನ್ನೊಂದರ ಕೋನ್ ಹಿಂದಕ್ಕೆ ಎಳೆಯುತ್ತಿತ್ತು. ಒಂದು ಊದಿದ ಗಾಳಿಯನ್ನು ಇನ್ನೊಂದು ಹೀರಿಕೊಳ್ಳುತ್ತಿತ್ತು. ಉದ್ದ ಅಲೆಯ ಬೇಸ್ ಹೀಗೆ ಸತ್ತುಹೋಗುತ್ತದೆ. ಪರೀಕ್ಷೆ ಸುಲಭ. ಎರಡು ಪೆಟ್ಟಿಗೆಗಳನ್ನು ಮುಖಕ್ಕೆ ಮುಖ ಕೊಟ್ಟು ಹತ್ತಿರ ಇಟ್ಟು ಹಾಡು ಹಾಕಿ. ಬೇಸ್ ತುಂಬಿ ಬಂದರೆ ಸರಿ. ಕೃಶವಾಗಿ ಕೇಳಿದರೆ ಒಂದು ಕಡೆ ವೈರ್ ತಿರುವುಮುರುವಾಗಿದೆ. ಆಂಪ್ ಆಫ್ ಮಾಡಿ, ಒಂದೇ ಒಂದು ಸ್ಪೀಕರಿನ ವೈರ್ ಬದಲಿಸಿ. ಎರಡರದ್ದೂ ಬದಲಿಸಿದರೆ ಮತ್ತೆ ಅದೇ ಕತೆ. ವೈರ್ ಕೊಳ್ಳುವಾಗ ಒಂದು ಎಳೆಗೆ ಗೆರೆ ಅಥವಾ ಬೇರೆ ಬಣ್ಣ ಇರುವುದನ್ನೇ ತಗೊಳ್ಳಿ. ತುದಿ ಸುಲಿದ ಮೇಲೆ ಎಳೆಗಳನ್ನು ಚೆನ್ನಾಗಿ ತಿರುಚಿ. ಒಂದು ಕೂದಲಿನಂಥ ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗಿದರೂ ಶಾರ್ಟ್ ಆಗಿ ಆಂಪ್ ಕೆಡಬಹುದು.

ವೈರಿಗೆ ಎಷ್ಟು ಖರ್ಚು ಮಾಡಬೇಕು ಅಂತ ಯಾವಾಗಲೂ ಕೇಳುತ್ತಾರೆ. ದಪ್ಪ ನೋಡಿ, ಹೊಳಪು ನೋಡಬೇಡಿ. 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಐದು ಮೀಟರ್ ಇದ್ದರೆ, ಹೋಗಿಬರುವ ದಾರಿ ಎರಡೂ ಸೇರಿ ಅದರ ತಡೆ ಸುಮಾರು 0.07 ಓಮ್. ಸ್ಪೀಕರ್ 8 ಓಮಿನದು. ನೂರರಲ್ಲಿ ಒಂದು ಪಾಲೂ ಇಲ್ಲ. ಇದಕ್ಕಿಂತ ಒಳ್ಳೆಯ ವೈರ್ ನಿಮ್ಮ ಕಿವಿಗೆ ಹೊಸದೇನನ್ನೂ ಕೊಡುವುದಿಲ್ಲ ಎಂದು ನಾನು ನಂಬುತ್ತೇನೆ. ಆ ಹಣ ಗಟ್ಟಿ ಸ್ಟ್ಯಾಂಡಿಗೋ ಕಾರ್ಪೆಟ್ಟಿಗೋ ಹೋಗಲಿ.

ಆಂಪಿನ ವ್ಯಾಟ್ ಬಗ್ಗೆಯೂ ಸುಮ್ನೆ ಗಾಬರಿ ಜಾಸ್ತಿ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ (ಸದ್ದು ಎಷ್ಟು ಜೋರು ಎನ್ನುವ ಅಳತೆ) ಕೊಡುವ ಸ್ಪೀಕರ್ ಅಂದುಕೊಳ್ಳಿ. ಹತ್ತು ವ್ಯಾಟಿಗೆ ಅದು 97 ಆಗುತ್ತದೆ, ನೂರಕ್ಕೆ 107. ಹತ್ತು ಪಟ್ಟು ವ್ಯಾಟ್ ಕೊಟ್ಟಾಗ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ, ಅಷ್ಟೇ. ಮನೆಯಲ್ಲಿ ನೆಮ್ಮದಿಯಿಂದ ಕೇಳುವಾಗ ಬಹಳ ಹೊತ್ತು ಒಂದೆರಡು ವ್ಯಾಟಿನಲ್ಲೇ ಕೆಲಸ ನಡೆಯುತ್ತಿರುತ್ತದೆ. ಆದರೂ ಶಕ್ತಿ ಸ್ವಲ್ಪ ಮಿಗತೆಯಿರಲಿ. ಸಣ್ಣ ಆಂಪನ್ನು ಕೊನೆಯವರೆಗೆ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಅಲೆಯಲ್ಲಿ, ಹಾಡಿನಲ್ಲೇ ಇಲ್ಲದ ಚೂಪು ಸ್ವರಗಳು ಹುಟ್ಟುತ್ತವೆ. ಅವೆಲ್ಲ ಹೋಗುವುದು ಟ್ವೀಟರಿಗೆ. ಅದನ್ನು ಕಂಪಿಸುವ ಹಾಗೆ ಮಾಡುವ ಸುರುಳಿ ಕೂದಲಿನಷ್ಟು ತೆಳು ತಂತಿಯದು. ಬಿಸಿ ತಡೆಯದೆ ಸುಟ್ಟುಹೋಗುತ್ತದೆ. ಸದ್ದು ಒರಟಾಯಿತು, ಕರ್ಕಶವಾಯಿತು ಅನ್ನಿಸಿದ ಕ್ಷಣ ವಾಲ್ಯೂಮ್ ಇಳಿಸಿ. ಸ್ಪೀಕರ್ ಸಾಯುವ ಮೊದಲು ಕೂಗಿ ಹೇಳುತ್ತದೆ.

ನಿಮ್ಮ ಕಿವಿಯೂ ಈ ಸೆಟ್ಟಿನ ಒಂದು ಭಾಗ, ಅಲ್ವಾ? ಅದಕ್ಕೆ ಬಿಡಿಭಾಗ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿದರೆ ಶಕ್ತಿ ಎರಡರಷ್ಟಾಗುತ್ತದೆ, ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ.

ಈಗ ಆರೈಕೆ. ಸ್ಪೀಕರಿಗೆ ದಿನವೂ ಮಾಡುವ ಕೆಲಸ ಏನೂ ಇಲ್ಲ. ಮಾಡಬಾರದ್ದೇ ಹೆಚ್ಚು. ಟ್ವೀಟರಿನ ಗುಮ್ಮಟವನ್ನು ಮುಟ್ಟಬೇಡಿ, ಒರೆಸಬೇಡಿ. ಅದರ ಹತ್ತಿರ ವ್ಯಾಕ್ಯೂಮ್ ಕ್ಲೀನರ್ ತರಬೇಡಿ. ಚಿಕ್ಕ ಮಕ್ಕಳಿಗೆ ಆ ಗುಂಡಗಿನದನ್ನು ಒತ್ತಬೇಕು ಅನ್ನಿಸಿಯೇ ಅನ್ನಿಸುತ್ತದೆ. ಹಾಗಾಗಿ ಮಕ್ಕಳಿರುವ ಮನೆಯಲ್ಲಿ ಬಟ್ಟೆಯ ಮುಚ್ಚಳ ತೆಗೆಯಲೇಬೇಡಿ. ಕೋನಿನ ಮೇಲಿನ ಧೂಳಿಗೆ ಮೆತ್ತಗಿನ ಒಣ ಬ್ರಷ್ ಸಾಕು, ನೀರು ಬೇಡ. ಸ್ಕ್ರೂಡ್ರೈವರ್ ಹಿಡಿದು ಹತ್ತಿರ ಹೋಗುವಾಗ ಜೋಪಾನ. ಒಳಗಿನ ಅಯಸ್ಕಾಂತ ಅದನ್ನು ಕೈಯಿಂದ ಕಿತ್ತು ಎಳೆದುಕೊಂಡು ಕೋನನ್ನು ತೂತು ಮಾಡುತ್ತದೆ. ಬಿಸಿಲು ನೇರ ಬೀಳುವ ಜಾಗ ಬೇಡ, ತೇವದ ಗೋಡೆಯೂ ಬೇಡ. ಹೂಕುಂಡವನ್ನು ಅದರ ಮೇಲೆ ಇಡಲೇಬೇಡಿ. ಆನ್ ಮಾಡುವಾಗ ಆಂಪ್ ಕೊನೆಗೆ, ಆಫ್ ಮಾಡುವಾಗ ಆಂಪ್ ಮೊದಲು. ಹೀಗೆ ಮಾಡಿದರೆ ಧಡ್ ಎನ್ನುವ ಪೆಟ್ಟು ಕೋನಿಗೆ ಬೀಳುವುದಿಲ್ಲ.

ವಯಸ್ಸಾದ ಸ್ಪೀಕರಿನಲ್ಲಿ ಮೊದಲು ಸಾಯುವುದು ಕೋನಿನ ಅಂಚು. ಕೋನನ್ನು ಚೌಕಟ್ಟಿಗೆ ಹಿಡಿದಿರುವ ಉಂಗುರ ಕೆಲವದರಲ್ಲಿ ರಬ್ಬರ್, ಕೆಲವದರಲ್ಲಿ ಫೋಮ್. ರಬ್ಬರ್ ಬಹಳ ಕಾಲ ಬಾಳುತ್ತದೆ. ಫೋಮ್ ಹತ್ತು ಹದಿನೈದು ಇಪ್ಪತ್ತು ವರ್ಷದಲ್ಲಿ ಕೊಳೆಯುತ್ತದೆ, ಬಳಸಿದರೂ ಅಷ್ಟೇ, ಬಳಸದಿದ್ದರೂ ಅಷ್ಟೇ. ನಮ್ಮ ದೊಡ್ಡಪ್ಪ ತಮ್ಮ ಜೋಡಿಯನ್ನು ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಬಹಳ ವರ್ಷದ ಮೇಲೆ ನನಗೆ ಕೊಟ್ಟರು. ಹೊರಗಿನಿಂದ ಹೊಸದರ ಹಾಗಿತ್ತು. ಬೆರಳು ತಾಗಿಸಿದೆ, ಅಂಚು ಪುಡಿಪುಡಿಯಾಗಿ ಉದುರಿತು. ಅವರ ಮುಖ ಸಪ್ಪಗಾಯಿತು. ಆದರೆ ಸ್ಪೀಕರ್ ಸತ್ತಿರಲಿಲ್ಲ. ಕೋನ್ ಗಟ್ಟಿಯಾಗಿತ್ತು, ಸುರುಳಿ ಗಟ್ಟಿಯಾಗಿತ್ತು.

ಅಳತೆಗೆ ಸರಿಯಾದ ಹೊಸ ಅಂಚು ತರಿಸಿದೆ. ಹಳೆಯ ಅಂಟನ್ನು ಕೋನಿನಿಂದ ಬಿಡಿಸುವುದೇ ದೊಡ್ಡ ಕೆಲಸ. ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಮೊದಲು ಹೊಸ ಅಂಚನ್ನು ಕೋನಿಗೆ ಅಂಟಿಸಿ ಒಣಗಲು ಬಿಟ್ಟೆ. ಚೌಕಟ್ಟಿಗೆ ಅಂಟಿಸುವಾಗ ಮಾತ್ರ ಉಸಿರು ಬಿಗಿಹಿಡಿಯಬೇಕು. ಸುರುಳಿ ಅಯಸ್ಕಾಂತದ ಸಂದಿಯಲ್ಲಿ ನಟ್ಟನಡುವೆ ನಿಲ್ಲಬೇಕು. ಆ ಸಂದಿ ಒಂದು ಮಿಲಿಮೀಟರಿಗೂ ಕಡಿಮೆ. ಅಂಟು ಹಸಿಯಿದ್ದಾಗ ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮವಾಗಿ, ಮೆತ್ತಗೆ ಒತ್ತಿ ಬಿಡುತ್ತಾ ಕಿವಿ ಹತ್ತಿರ ತರಬೇಕು. ಸರಸರ ಸದ್ದು ಬಂದರೆ ಸುರುಳಿ ಉಜ್ಜುತ್ತಿದೆ. ತುಸು ಜರುಗಿಸಬೇಕು. ಸದ್ದೇ ಇಲ್ಲದ ಹಂತ ಬಂದಾಗ ಕೈ ಬಿಟ್ಟು ಒಂದು ದಿನ ಹಾಗೇ ಇಡಬೇಕು. ಮರುದಿನ ದೊಡ್ಡಪ್ಪನನ್ನು ಕೂರಿಸಿ ಹಾಡು ಹಾಕಿದೆ. ಅವರು ಏನೂ ಮಾತಾಡಲಿಲ್ಲ. ಹಾಡು ಮುಗಿಯುವವರೆಗೂ ಎರಡು ಪೆಟ್ಟಿಗೆಗಳ ನಡುವೆಯೇ ನೋಡುತ್ತಿದ್ದರು.

ಚೆಸ್ಟರ್ ರೈಸ್, ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು 1925ರಲ್ಲಿ ಈ ಸುರುಳಿ, ಕೋನ್, ಮೆತ್ತನೆ ಅಂಚಿನ ಸ್ಪೀಕರಿನ ವಿವರ ಪ್ರಕಟಿಸಿದರು. ನೂರು ವರ್ಷವಾದರೂ ಒಳಗಿನ ಕೆಲಸ ಅದೇ. ಅದಕ್ಕೇ ಹಳೆಯದನ್ನು ಎಸೆಯುವ ಮುಂಚೆ ಒಮ್ಮೆ ಬಿಚ್ಚಿ ನೋಡಿ ಅನ್ನುತ್ತೇನೆ.

ಕೊನೆಯದಾಗಿ, ನಡು ದನಿ ಒಂದು ದಿನ ಇದ್ದಕ್ಕಿದ್ದಂತೆ ಎಡಕ್ಕೆ ವಾಲಿದರೆ ಏನು ಮಾಡಬೇಕು? ಮೊದಲು ಕುರ್ಚಿ ಜರುಗಿದೆಯಾ, ಬ್ಯಾಲೆನ್ಸ್ ಗುಂಡಿ ತಿರುಗಿದೆಯಾ ನೋಡಿ. ಇಲ್ಲದಿದ್ದರೆ ಆಂಪ್ ಆಫ್ ಮಾಡಿ. ಆಂಪಿನ ಹಿಂದೆ ಎಡ ಸ್ಪೀಕರಿನ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಪ್ಲಸ್ ಮೈನಸ್ ಮರೆಯಬೇಡಿ. ಮತ್ತೆ ಅದೇ ಹಾಡು. ಈಗ ದನಿ ಬಲಕ್ಕೆ ವಾಲಿದರೆ ತೊಂದರೆ ಆಂಪಿನಲ್ಲಿ ಅಥವಾ ಅದರ ಹಿಂದಿನದ್ದರಲ್ಲಿ ಇದೆ. ಇನ್ನೂ ಎಡಕ್ಕೇ ವಾಲಿದ್ದರೆ ಬಲಗಡೆಯ ಸ್ಪೀಕರ್ ಅಥವಾ ಅದರ ವೈರ್ ಸೊರಗಿದೆ. ಆಗ ಆ ಟ್ವೀಟರಿನ ಹತ್ತಿರ ಕಿವಿ ಇಟ್ಟು ಕೇಳಿ, ಸಣ್ಣ ವಾಲ್ಯೂಮಿನಲ್ಲಿ. ಸದ್ದೇ ಇಲ್ಲದಿದ್ದರೆ ಟ್ವೀಟರ್ ಹೋಗಿದೆ. ಸದ್ದು ಮಂಕಾಗಿದ್ದರೆ, ಸ್ಪೀಕರ್ ಹಳೆಯದಾಗಿದ್ದರೆ, ಒಳಗಿನ ಕೆಪಾಸಿಟರ್ ಒಣಗಿರಬಹುದು. ಅದು ಸಣ್ಣ ರಿಪೇರಿ. ಬಹಳ ಸಲ ಟರ್ಮಿನಲ್ ಸಡಿಲವಾಗಿರುತ್ತದೆ, ಅಥವಾ ತಾಮ್ರದ ತುದಿ ಕಪ್ಪಾಗಿರುತ್ತದೆ. ತುದಿ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿದರೆ ಆಯಿತು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಹೊಸ ಸ್ಪೀಕರನ್ನು ನೂರಾರು ಗಂಟೆ ಓಡಿಸಿ ಪಳಗಿಸಬೇಕಂತೆ, ಹೌದಾ ಎಂದು ಒಬ್ಬ ಯುವಕ ಕೇಳಿದರು. ಕೋನಿನ ಅಂಚು ಮೊದಲ ಕೆಲವು ಗಂಟೆಗಳಲ್ಲಿ ತುಸು ಸಡಿಲವಾಗುವುದು ನಿಜ. ಆಮೇಲೆ ಬದಲಾಗುವುದು ಹೆಚ್ಚಾಗಿ ನಮ್ಮ ಕಿವಿ, ಹೊಸ ಸದ್ದಿಗೆ ಒಗ್ಗಿಕೊಳ್ಳುತ್ತದೆ. ಸುಮ್ಮನೆ ಸಂಗೀತ ಹಾಕಿ ಕೇಳುತ್ತಾ ಹೋಗಿ ಎಂದೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ ಎದ್ದು ಕೇಳಿದರು. "ನಮ್ಮದು ಸಣ್ಣ ಕೋಣೆ. ಮನೆಯವರೆಲ್ಲ ಅಲ್ಲೇ ಓಡಾಡಬೇಕು. ನೀವು ಹೇಳಿದ ಹಾಗೆ ಗೋಡೆಯಿಂದ ಮುಂದೆ ಇಟ್ಟರೆ ನಡೆಯಲು ಜಾಗವೇ ಇರಲ್ಲ. ನಮ್ಮಂಥವರು ಏನು ಮಾಡೋದು?"

ನಮ್ಮ ಮನೆಯಲ್ಲೂ ಹಾಗೇ ಇದೆ ಅಮ್ಮ, ಎಂದೆ. ದಿನವೆಲ್ಲ ಪೆಟ್ಟಿಗೆಗಳು ಗೋಡೆಗೆ ತಾಗಿಕೊಂಡೇ ಇರಲಿ. ಒಂದು ಭಾನುವಾರ ಪುರುಸೊತ್ತಾಗಿ ದಾರ ಹಿಡಿದು, ಕೇಳಿ ಕೇಳಿ, ಸರಿಯಾದ ಜಾಗ ಹುಡುಕಿ. ಸ್ಟ್ಯಾಂಡಿನ ಮುಂದಿನ ಎರಡು ಮೂಲೆ ನೆಲದಲ್ಲಿ ಎಲ್ಲಿ ಬರುತ್ತವೋ ಅಲ್ಲಿ ಸಣ್ಣ ಟೇಪಿನ ಗುರುತು ಅಂಟಿಸಿ. ಕುರ್ಚಿಗೂ ಒಂದು ಗುರುತು. ಕೇಳಬೇಕು ಅನ್ನಿಸಿದಾಗ ಪೆಟ್ಟಿಗೆಗಳನ್ನು ಗುರುತಿಗೆ ಎಳೆದುಕೊಳ್ಳಿ, ಮುಗಿದ ಮೇಲೆ ಹಿಂದಕ್ಕೆ ತಳ್ಳಿ. ಸ್ಟ್ಯಾಂಡಿನ ಕೆಳಗೆ ದಪ್ಪ ಬಟ್ಟೆಯ ತುಂಡು ಇದ್ದರೆ ನೆಲದ ಮೇಲೆ ಸುಲಭವಾಗಿ ಜಾರುತ್ತದೆ. ವೈರ್ ಮಾತ್ರ ಈ ಎಳೆದಾಟಕ್ಕೆ ಸಾಕಾಗುವಷ್ಟು ಉದ್ದ ಬಿಟ್ಟಿರಿ, ಓಡಾಡುವವರ ಕಾಲಿಗೆ ಸಿಗದ ಹಾಗೆ ಗೋಡೆಯ ಬುಡದಲ್ಲಿ ಸುತ್ತಿಡಿ.